ಸತ್ಯಾಂಶ: ಬೇಸಿಗೆಯಲ್ಲಿ ಟೈರಿನ ಗಾಳಿ ಇಳಿಸಬೇಕೇ?

‘ಬಿಸಿಲಿಗೆ ಗಾಳಿ ಹಿಗ್ಗಿ ಟೈರ್ ಸಿಡಿಯುತ್ತದೆ, ಬೇಸಿಗೆಯಲ್ಲಿ 5 ಪಿಎಸ್ಐ ಕಡಿಮೆ ತುಂಬಿಸಿ’ ಎಂಬ ಸಂದೇಶ ಹರಿದಾಡುತ್ತಿದೆ (ಪಿಎಸ್ಐ ಎಂದರೆ ಗಾಳಿಯ ಒತ್ತಡದ ಅಳತೆ). ಇದು ತಪ್ಪು, ಅಪಾಯಕಾರಿಯೂ ಹೌದು.

ಗಾಳಿ ಹಿಗ್ಗುವುದು ನಿಜ. ಉಷ್ಣಾಂಶ 5–6 ಡಿಗ್ರಿ ಸೆಲ್ಸಿಯಸ್ ಏರಿದರೆ ಒತ್ತಡ ಸುಮಾರು 1 ಪಿಎಸ್ಐ ಏರುತ್ತದೆ. ಆದರೆ ಕಾರು ತಯಾರಕರು ಈ ಏರಿಕೆಯನ್ನು ಲೆಕ್ಕಕ್ಕೆ ಹಿಡಿದೇ ಒತ್ತಡ ನಿಗದಿಪಡಿಸಿರುತ್ತಾರೆ. ನಿಜವಾಗಿ ಹೆದರಬೇಕಾದದ್ದು ಕಡಿಮೆ ಗಾಳಿಗೆ. ಗಾಳಿ ಸಾಲದ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಅತಿಯಾಗಿ ಬಾಗುತ್ತದೆ. ಆ ಬಾಗುವಿಕೆಯಿಂದಲೇ ರಬ್ಬರ್ ಕಾಯುತ್ತದೆ, ಒಳಗಿನ ಪದರಗಳ ಬೆಸುಗೆ ಬಿಡುತ್ತದೆ. ತುಂಬಿದ ಕಾರು, ಹೆದ್ದಾರಿಯ ವೇಗ, ಕಾದ ರಸ್ತೆ ಮೂರೂ ಸೇರಿದರೆ ಟೈರ್ ಸಿಡಿಯುವ ಸಾಧ್ಯತೆ ಹೆಚ್ಚುತ್ತದೆ.

ಸರಿಯಾದ ಅಂಕಿ ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲೋ ಕೈಪಿಡಿಯಲ್ಲೋ ಇರುತ್ತದೆ. ಪೂರ್ತಿ ಲೋಡ್‌ಗೆ ಬೇರೆ ಅಂಕಿ ಕೊಟ್ಟಿದ್ದರೆ ದೂರ ಪ್ರಯಾಣಕ್ಕೆ ಅದನ್ನೇ ಅನುಸರಿಸಿ. ಟೈರಿನ ಮೇಲೆ ಅಚ್ಚಾಗಿರುವುದು ಗರಿಷ್ಠ ಮಿತಿ, ತುಂಬಿಸಬೇಕಾದ ಪ್ರಮಾಣವಲ್ಲ. ಕಾರು ಕನಿಷ್ಠ 3 ಗಂಟೆ ನಿಂತ ಮೇಲೆ, ನೆರಳಿನಲ್ಲಿ ಅಳೆಯಿರಿ. ಓಡಿ ಬಂದ ಟೈರ್ 4–5 ಪಿಎಸ್ಐ ಹೆಚ್ಚು ತೋರಿಸುವುದು ಸಹಜ. ಗಾಬರಿಯಿಂದ ಗಾಳಿ ಬಿಡಬೇಡಿ, ಬಿಟ್ಟರೆ ಟೈರ್ ತಣಿದಾಗ ಒತ್ತಡ ನಿಗದಿತ ಮಟ್ಟಕ್ಕಿಂತ ಕೆಳಗಿಳಿಯುತ್ತದೆ. ಸ್ಟೆಪ್ನಿಯನ್ನೂ ತಿಂಗಳಿಗೊಮ್ಮೆ ನೋಡಿ.