ಗುದ್ದಿದ ಗಾಡಿ, ನೆಲದ ಮೇಲೆ ಎರಡು ಚಾಕ್‌ಪೀಸ್ ಗೆರೆ

ನನ್ನ ಫೋರ್ ವೀಲ್ ಡ್ರೈವ್ ಗಾಡಿಯನ್ನು ಸೇತುವೆಯ ಕಂಬಕ್ಕೆ ಗುದ್ದಿದ ಮೇಲೆ, ಮೂರು ವಾರದಿಂದ ಸಿಕ್ಕವರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ. "ಗಾಡಿ ರಿಪೇರಿ ಮಾಡಿಸ್ತೀಯಾ, ಗುಜರಿಗೆ ಹಾಕ್ತೀಯಾ?" ಒಬ್ಬೊಬ್ಬರಿಗೂ ಬಿಡಿಸಿ ಹೇಳಿ ಸಾಕಾಯಿತು. ಅದಕ್ಕೇ ಒಂದೇ ಸಲ ಇಲ್ಲಿ ಬರೆದು ಹಾಕುತ್ತಿದ್ದೇನೆ. ಉದ್ದ ಆಗುತ್ತೆ, ಬೇಜಾರಾದರೆ ಅರ್ಧಕ್ಕೆ ಬಿಟ್ಟುಬಿಡಿ.

ಮೊದಲು ಆಗಿದ್ದು ಹೇಳುತ್ತೇನೆ. ತಪ್ಪು ನನ್ನದೇ. ಬೆಳಗಿನ ಜಾವ, ಸೇತುವೆ ಮೇಲೆ, ವೇಗ 40ರ ಆಸುಪಾಸು. ರಸ್ತೆ ಸುಮ್ನೆ ಒದ್ದೆಯಾಗಿರುವ ಹಾಗೆ ಕಾಣುತ್ತಿತ್ತು. ಒದ್ದೆ ಅಲ್ಲ, ಗಾಜಿನ ಹಾಗೆ ತೆಳ್ಳಗೆ ಹೆಪ್ಪುಗಟ್ಟಿದ್ದ ಐಸು. ಸೇತುವೆಗೆ ಕೆಳಗಿನಿಂದಲೂ ತಣ್ಣನೆ ಗಾಳಿ ಬಡಿಯುತ್ತದೆ, ಹಾಗಾಗಿ ಮಿಕ್ಕ ರಸ್ತೆಗಿಂತ ಮೊದಲು ಅದೇ ಹೆಪ್ಪುಗಟ್ಟುತ್ತದೆ. ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೂ ಕಾಲು ಆಕ್ಸಿಲರೇಟರ್ ಮೇಲೇ ಇತ್ತು. ಫೋರ್ ವೀಲ್ ಡ್ರೈವ್ ಇದೆಯಲ್ಲ, ಎಂಜಿನ್ನಿನ ಬಲ ನಾಲ್ಕೂ ಚಕ್ರಕ್ಕೆ ಹೋಗುತ್ತಲ್ಲ ಅನ್ನೋ ಧಿಮಾಕು, ಇನ್ನೇನು.

ಫೋರ್ ವೀಲ್ ಡ್ರೈವ್ ಇದ್ದರೆ ಗಾಡಿ ಹೊರಡುವಾಗ ಚಕ್ರ ಅಷ್ಟು ಸುಲಭಕ್ಕೆ ನಿಂತಲ್ಲೇ ಸುಮ್ನೆ ತಿರುಗುತ್ತಾ ಇರುವುದಿಲ್ಲ. ನಿಲ್ಲಿಸುವಾಗ ಅದರಿಂದ ಏನೂ ಉಪಯೋಗ ಇಲ್ಲ. ಬ್ರೇಕು ಎಲ್ಲ ಕಾರಿಗೂ ನಾಲ್ಕು ಚಕ್ರಕ್ಕೇ ಇರುವುದಲ್ವಾ? ಒಣ ಡಾಂಬರಿನ ಮೇಲೆ 40ರಲ್ಲಿ ಬ್ರೇಕ್ ಒತ್ತಿದರೆ ಒಂಬತ್ತು ಹತ್ತು ಮೀಟರಿನಲ್ಲಿ ನಿಲ್ಲುವ ಗಾಡಿ, ಐಸಿನ ಮೇಲೆ 60 ಮೀಟರಾದರೂ ಜಾರುತ್ತೆ. ಅದರ ಮೇಲೆ ನನ್ನದು ಕೆಸರಿನ ಟೈರು. ನೋಡೋಕೆ ರಾಕ್ಷಸನ ಹಲ್ಲಿನ ಹಾಗಿರುತ್ತೆ. ಆದರೆ ಐಸಿಗೆ ಬೇಕಾದದ್ದು ಚಳಿಯಲ್ಲೂ ಮೆತ್ತಗಿರುವ ರಬ್ಬರು, ಅದರ ತುಂಬ ಕೂದಲೆಳೆಯಂಥ ಸೀಳುಗಳು. ಕೆಸರಿನ ಟೈರಲ್ಲಿ ಎರಡೂ ಕಡಿಮೆ.

ಸ್ಟಿಯರಿಂಗ್ ತಿರುಗಿಸಿದೆ, ಗಾಡಿ ತಿರುಗಲಿಲ್ಲ. ಆ ಎರಡು ಸೆಕೆಂಡು ಒಳಗೆ ಎಷ್ಟು ನಿಶ್ಶಬ್ದ ಇತ್ತು ಅಂದರೆ, ವೈಪರ್ ಸದ್ದು ಮಾತ್ರ ಕೇಳುತ್ತಿತ್ತು. ಎಡಗಡೆ ಮುಂದಿನ ಚಕ್ರ ನೇರ ಹೋಗಿ ಸೇತುವೆ ಕೊನೆಯ ಕಾಂಕ್ರೀಟ್ ಕಂಬಕ್ಕೆ ಬಡಿಯಿತು. ನನಗೆ ಎದೆ ಮೇಲೆ ಬೆಲ್ಟಿನ ಬರೆ ಬಿಟ್ಟರೆ ಏನೂ ಆಗಲಿಲ್ಲ.

ಈಗ ವಿಷಯಕ್ಕೆ ಬರೋಣ. ಗಾಡಿ ನೋಡಲು ಬಂದವರದ್ದು ಎರಡು ಪಂಗಡ. ಒಂದು, ಅಪ್ಪಚ್ಚಿಯಾದ ಫೆಂಡರು, ಒಡೆದ ಲೈಟು ನೋಡಿ "ಅಯ್ಯೋ, ಇದರ ಕಥೆ ಮುಗೀತು" ಅನ್ನುವವರು. ಇನ್ನೊಂದು ನನ್ನ ಹಾಗೇ ಬೆಟ್ಟ ಗುಡ್ಡ ಹತ್ತಿಸುವ ಗೆಳೆಯರದ್ದು. "ಗುರೂ, ಕಲ್ಲು ಕೆಸರಲ್ಲಿ ಓಡೋಕೇ ಹುಟ್ಟಿರೋ ಗಾಡಿ ಇದು. ಸ್ವಲ್ಪ ಸೊಟ್ಟ ಇದ್ದರೇನು? ಎಳೆದು ಸರಿ ಮಾಡಿಸು, ಹೋಗ್ತಾ ಇರು."

ಇಬ್ಬರದ್ದೂ ತಪ್ಪು ಅಂತ ನನ್ನ ಅಭಿಪ್ರಾಯ. ಎರಡನೆಯವರದ್ದು ಅಪಾಯದ ತಪ್ಪು.

ಮೊದಲನೆಯವರ ವಿಷಯ ಬೇಗ ಮುಗಿಸುತ್ತೇನೆ. ಫೆಂಡರ್, ಬಂಪರ್, ಬಾನೆಟ್, ರೇಡಿಯೇಟರ್ ಇವೆಲ್ಲ ಬೋಲ್ಟ್ ಬಿಚ್ಚಿ ಬೇರೆ ಹಾಕುವ ಸಾಮಾನು. ಖರ್ಚಿದೆ, ಆದರೆ ತಲೆನೋವಿಲ್ಲ. ಈ ಥರದ ಗಾಡಿಯಲ್ಲಿ ಬಾಡಿ ಬೇರೆ, ಕೆಳಗಿನ ಚಾಸಿ ಬೇರೆ. ಏಣಿ ಮಲಗಿಸಿದ ಹಾಗೆ ಎರಡು ಉದ್ದ ಉಕ್ಕಿನ ತೊಲೆ, ನಡುವೆ ಅಡ್ಡಪಟ್ಟಿಗಳು. ಎಂಜಿನ್, ಆಕ್ಸಲ್, ಸ್ಟಿಯರಿಂಗ್ ಬಾಕ್ಸ್ ಎಲ್ಲ ಕೂತಿರೋದು ಆ ಏಣಿಯ ಮೇಲೆ. ಮೇಲಿನ ತಗಡು ನುಗ್ಗಾಗಿ ಏಣಿ ನೆಟ್ಟಗಿದ್ದರೆ ಕಣ್ಣು ಮುಚ್ಚಿ ರಿಪೇರಿ ಮಾಡಿಸಬಹುದು. ತಗಡು ಫಳಫಳ ಹೊಳೆಯುತ್ತಾ ಏಣಿ ತಿರುಚಿಕೊಂಡಿದ್ದರೆ ಮೇಲೆ ತಳುಕು ಒಳಗೆ ಹುಳುಕು. ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರು ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು.

ನಾನು ಗಾಡಿ ಕೆಳಗೆ ಟಾರ್ಚ್ ಹಿಡಿದು ಮಲಗಿದ್ದು ಮೂರನೇ ದಿನ. ಸ್ಟಿಯರಿಂಗ್ ತಿರುಗಿಸಿದಾಗ ಚಕ್ರವನ್ನು ತಿರುಗಿಸುವ ಸರಳು, ಟೈ ರಾಡ್, ಬಿಲ್ಲಿನ ಹಾಗೆ ಬಾಗಿತ್ತು. ಅದಕ್ಕೆ ಹೆದರಲಿಲ್ಲ, ಅರ್ಧ ಗಂಟೆಯಲ್ಲಿ ಬದಲಾಯಿಸುವ ಸಾಮಾನು. ಚಕ್ರವನ್ನು ಚಾಸಿಗೆ ಜೋಡಿಸುವ ಎಡಗಡೆಯ ಕಂಟ್ರೋಲ್ ಆರ್ಮ್ ಕೂಡ ಬಾಗಿತ್ತು. ಅದೂ ಸರಿ. ಆಮೇಲೆ ಸ್ಟಿಯರಿಂಗ್ ಬಾಕ್ಸ್ ಹಿಂದೆ, ಚಾಸಿಯ ಒಳಮಗ್ಗುಲಲ್ಲಿ ಟಾರ್ಚ್ ಓರೆಯಾಗಿ ಬಿತ್ತು. ಅಂಗೈ ಅಗಲದ ಜಾಗದಲ್ಲಿ ಕಪ್ಪು ಬಣ್ಣ ಹಾವಿನ ಪೊರೆಯ ಹಾಗೆ ಚಕ್ಕೆ ಚಕ್ಕೆಯಾಗಿ ಬಿರಿದಿತ್ತು. ಬೆರಳಲ್ಲಿ ಸವರಿದರೆ ಉಕ್ಕಿನಲ್ಲಿ ಸಣ್ಣ ಅಲೆ ಕೈಗೆ ಸಿಗುತ್ತಿತ್ತು. ಕಣ್ಣಿಗೆ ಕಾಣುತ್ತಿರಲಿಲ್ಲ, ಬೆರಳಿಗೆ ಗೊತ್ತಾಗುತ್ತಿತ್ತು. ಬಣ್ಣ ತುಕ್ಕಿಗೂ ಏಳುತ್ತೆ, ಆದರೆ ಉಕ್ಕಿನಲ್ಲಿ ಅಲೆ ಇದ್ದು ಅದರ ಮೇಲೆ ಹೀಗೆ ಬಿರಿದಿದ್ದರೆ ಕೆಳಗಿನ ಲೋಹ ಮಡಚಿಕೊಂಡಿದೆ ಅಂತಲೇ. ಅಲ್ಲೇ ಮಲಗಿಕೊಂಡು ಸ್ವಲ್ಪ ಹೊತ್ತು ಹಾಗೇ ಇದ್ದೆ.

ಆದರೂ ಮನಸ್ಸು ಕೇಳಬೇಕಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು. ನಮ್ಮ ಮೆಕ್ಯಾನಿಕ್ಕಿಗೆ, "ನೋಡಿ, ಇದು ಹಳೇದಿರಬಹುದು, ಎಲ್ಲೋ ಕಲ್ಲಿಗೆ ತಾಗಿರಬೇಕು" ಅಂದೆ. ಅವರು ವಾದ ಮಾಡಲಿಲ್ಲ. ಒಂದು ದಾರಕ್ಕೆ ತೂಕದ ಗುಂಡು ಕಟ್ಟಿದರು. ಚಾಸಿಯ ಎರಡೂ ಕಡೆ ಒಂದೇ ಥರ ಇರುವ ತೂತುಗಳನ್ನು ಆರಿಸಿ, ಒಂದೊಂದರಿಂದಲೂ ಗುಂಡು ಇಳಿಬಿಟ್ಟು, ಅದು ನಿಂತ ಜಾಗಕ್ಕೆ ನೆಲದ ಮೇಲೆ ಚಾಕ್‌ಪೀಸಿನಲ್ಲಿ ಗುರುತು ಹಾಕಿದರು. ಆಮೇಲೆ ಗಾಡಿ ಪಕ್ಕಕ್ಕೆ ತಳ್ಳಿ, ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆದರು. ಗುಣಾಕಾರದ ಚಿಹ್ನೆಯ ಹಾಗೆ. ಚಾಸಿ ನೆಟ್ಟಗಿದ್ದರೆ ಎರಡು ಗೆರೆಯ ಉದ್ದವೂ ಒಂದೇ. 3 ಮಿಲಿಮೀಟರ್ ಆಚೀಚೆ ಆದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಟೇಪಿನ ಒಂದು ತುದಿ ನಾನೇ ಹಿಡಿದಿದ್ದೆ. 11 ಮಿಲಿಮೀಟರ್ ವ್ಯತ್ಯಾಸ.

ಕಂಪ್ಯೂಟರಿನಲ್ಲಿ ಅಳೆಯುವ ಯಂತ್ರಗಳು ಈಗ ಇವೆ, ಅವು ಇನ್ನೂ ಚೆನ್ನಾಗಿ ಹೇಳುತ್ತವೆ. ಆದರೆ ನೆಲದ ಮೇಲಿನ ಎರಡು ಗೆರೆ ನೋಡಿದ ಮೇಲೆ ನನಗೆ ಯಾವ ರಿಪೋರ್ಟೂ ಬೇಡವಾಯಿತು.

ಹಾಗಾದರೆ ಎಳೆದು ಸರಿ ಮಾಡಿಸಬಾರದೇ ಅಂದರೆ, ಮಾಡಿಸಬಹುದು. ಚಾಸಿಯನ್ನು ಕಟ್ಟಿಹಾಕಿ ಹೈಡ್ರಾಲಿಕ್ಕಿನಲ್ಲಿ ಎಳೆಯುವ ಬೆಂಚ್ ಇರುತ್ತೆ. ಕೈಯಲ್ಲಿ ಕಸುಬಿದ್ದವರು ಮಾಡಿದರೆ ಒಳ್ಳೆ ಕೆಲಸವೇ. ಆದರೆ ಒಂದು ತಂತಿ ತೆಗೆದುಕೊಂಡು ಬಗ್ಗಿಸಿ, ಮತ್ತೆ ನೆಟ್ಟಗೆ ಮಾಡಿ ನೋಡಿ. ಬಗ್ಗಿದ ಜಾಗದಲ್ಲಿ ಗಂಟಿನ ಹಾಗೆ ಒಂದು ಗುರುತು ಉಳಿದೇ ಉಳಿಯುತ್ತೆ. ಗಡಿಬಿಡಿಯವರು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸುತ್ತಾರೆ. ಗಟ್ಟಿ ಉಕ್ಕನ್ನು ಹಾಗೆ ಕಾಯಿಸಿದರೆ ಅದರ ಬಲವೇ ಹೊರಟುಹೋಗುತ್ತೆ. ನನ್ನ ಗಾಡಿಗೆ 14 ವರ್ಷ. ಚಳಿಗಾಲದಲ್ಲಿ ಐಸು ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಅಷ್ಟೂ ವರ್ಷ ಆ ತೊಲೆಯ ಟೊಳ್ಳಿನೊಳಗೆ ಕೂತಿದೆ. ಮೆಕ್ಯಾನಿಕ್ ಸುತ್ತಿಗೆಯಲ್ಲಿ ಒಂದೆರಡು ಕಡೆ ತಟ್ಟಿದಾಗ ಠಣ್ ಅನ್ನಬೇಕಾದ ಜಾಗದಲ್ಲಿ ದಬ್ ಅಂದಿತು, ಒಳಗಿನಿಂದ ಕಂದು ಪುಡಿ ಉದುರಿತು. "ಇದನ್ನ ಎಳೆದರೆ ನೆಟ್ಟಗಾಗೋದಕ್ಕಿಂತ ಮೊದಲು ಸೀಳುತ್ತೆ" ಅಂದರು.

ಬೇರೆ ಚಾಸಿ ಹಾಕುವ ದಾರಿಯನ್ನೂ ಯೋಚಿಸಿದೆ. ಒಂದು ರಾತ್ರಿ ಪೂರ್ತಿ ಯೋಚಿಸಿದೆ, ನಿಜ ಹೇಳಬೇಕೆಂದರೆ. ಬಾಡಿ ಎತ್ತಬೇಕು, ಬ್ರೇಕ್ ಪೈಪು, ಇಂಧನದ ಪೈಪು, ವೈರಿಂಗ್ ಎಲ್ಲ ಬಿಚ್ಚಬೇಕು. ತುಕ್ಕು ಹಿಡಿದ ಬೋಲ್ಟು ಒಂದೊಂದೂ ಮುರಿದು ಕೈಗೆ ಬರುತ್ತೆ. ಅದಕ್ಕಿಂತ ದೊಡ್ಡ ತಾಪತ್ರಯ ಅಂದರೆ ಚಾಸಿ ನಂಬರ್. ಅದನ್ನು ಕೆತ್ತಿರೋದು ಆ ಉಕ್ಕಿನ ಮೇಲೇ. ಚಾಸಿ ಬದಲಾದರೆ ಕಾಗದದಲ್ಲಿರುವ ಗಾಡಿಯೂ ಮುಂದಿರುವ ಗಾಡಿಯೂ ಬೇರೆ ಬೇರೆ. ಆ ಅಲೆದಾಟಕ್ಕೆ ನನ್ನ ಹತ್ತಿರ ತಾಳ್ಮೆ ಇಲ್ಲ.

ಇನ್ಶೂರೆನ್ಸ್ ಸರ್ವೇಯರ್ ಕೇವಲ ಲೆಕ್ಕ ನೋಡಿದರು. ರಿಪೇರಿ ಖರ್ಚು ಗಾಡಿಯ ಬೆಲೆಯ ಹತ್ತಿರ ಬಂದರೆ ಟೋಟಲ್ ಲಾಸ್, ಅಂದರೆ ರಿಪೇರಿ ಮಾಡಿಸದೆ ಗಾಡಿಯ ಬೆಲೆ ಕಟ್ಟಿ ಕೊಟ್ಟುಬಿಡೋದು, ಅಷ್ಟೇ. ನಾನು ವರ್ಷಗಟ್ಟಲೆ ಕೂಡಿಸಿ ಹಾಕಿಸಿದ್ದ, ಸಿಕ್ಕಿಕೊಂಡ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ವಿಂಚ್, ಎತ್ತರದ ಸಸ್ಪೆನ್ಷನ್, ಹಿಂದಿನ ಎರಡೂ ಚಕ್ರ ಒಟ್ಟಿಗೇ ತಿರುಗುವ ಹಾಗೆ ಮಾಡುವ ಡಿಫ್ ಲಾಕ್ ಯಾವುದೂ ಅವರ ಲೆಕ್ಕದಲ್ಲಿಲ್ಲ. ಪಾಲಿಸಿಯಲ್ಲಿ ಬರೆಸಿರಲಿಲ್ಲವಲ್ಲ, ಬೈಯಲಿಕ್ಕೆ ಯಾರೂ ಸಿಗಲಿಲ್ಲ. ನೀವು ಇಂಥದ್ದೇನಾದರೂ ಹಾಕಿಸಿದ್ದರೆ ಇವತ್ತೇ ಪಾಲಿಸಿ ತೆಗೆದು ನೋಡಿ.

ಈ ಖರ್ಚೇ ಮನುಷ್ಯನನ್ನು ದಾರಿ ತಪ್ಪಿಸುವುದು. "ಇಷ್ಟು ಹಾಕಿದ್ದೀನಿ, ಇನ್ನೊಂದಿಷ್ಟು ಹಾಕಿದರೆ ಸರಿಹೋಗುತ್ತೆ" ಅನಿಸುತ್ತೆ. ಹಾಕಿದ್ದು ಹೋಯಿತು. ಈಗ ಕೇಳಿಕೊಳ್ಳಬೇಕಾದ್ದು, ಇದೇ ಸ್ಥಿತಿಯಲ್ಲಿ ಇದೇ ಗಾಡಿ ಬೇರೆಯವರ ಅಂಗಳದಲ್ಲಿ ನಿಂತಿದ್ದರೆ ನಾನು ದುಡ್ಡು ಕೊಟ್ಟು ತರುತ್ತಿದ್ದೆನಾ ಅಂತ. ತರುತ್ತಿರಲಿಲ್ಲ. ಹತ್ತಿರವೂ ಹೋಗುತ್ತಿರಲಿಲ್ಲ.

ಇನ್ನು "ಕಾಡಿಗೆ ಹೋಗೋ ಗಾಡಿ ತಾನೇ" ಅನ್ನುವ ಗೆಳೆಯರಿಗೆ. ಪೇಟೆಯಲ್ಲಿ ಓಡುವ ಕಾರಿನ ಸ್ಟಿಯರಿಂಗ್ ಕೈಕೊಟ್ಟರೆ ಫೋನ್ ಮಾಡಿದರೆ ಟೋಯಿಂಗ್ ಗಾಡಿ ಬರುತ್ತೆ. ನಾವು ಹೋಗುವ ಕಡೆ ಫೋನೇ ಸಿಗುವುದಿಲ್ಲ. ಒಂದು ಚಕ್ರ ಬಂಡೆಯ ಮೇಲೆ, ಇನ್ನೊಂದು ಗುಂಡಿಯಲ್ಲಿ ಇರುವಾಗ ಇಡೀ ಗಾಡಿಯ ಭಾರ ಚಾಸಿಯನ್ನು ಹಿಂಡುತ್ತೆ. ಸ್ಟಿಯರಿಂಗ್ ಬಾಕ್ಸಿನ ಬುಡದಲ್ಲೇ ಮಡಿಕೆ ಬಿದ್ದಿರುವ ಗಾಡಿಯನ್ನು ಅಂಥ ಜಾಗಕ್ಕೆ, ಪಕ್ಕದಲ್ಲಿ ಮಗಳನ್ನು ಕೂರಿಸಿಕೊಂಡು ಒಯ್ಯಬೇಕಾ? ಒರಟು ಕೆಲಸದ ಗಾಡಿ ಅಂತ ಅಳತೆ ಸಡಿಲ ಮಾಡುವುದು ನನಗೆ ತಲೆಕೆಳಗಾದ ಲೆಕ್ಕವಾಗಿ ಕಾಣುತ್ತೆ. ಅಳತೆ ಇನ್ನೂ ಬಿಗಿ ಆಗಬೇಕಾದ್ದು ಅಲ್ಲೇ.

ಅಂದಹಾಗೆ, ಚಾಸಿ ಸರಿಯಿದ್ದು ರಿಪೇರಿಗೆ ಹೊರಟವರಿಗೆ ಒಂದು ಮಾತು. ಅಪಘಾತದಲ್ಲಿ ಬಿಗಿಯಾದ ಸೀಟ್ ಬೆಲ್ಟನ್ನು ಹಾಗೇ ಬಿಡಬೇಡಿ. ಈಗಿನ ಹೆಚ್ಚಿನ ಗಾಡಿಗಳಲ್ಲಿ ಅದರೊಳಗೆ ಬೆಲ್ಟನ್ನು ಥಟ್ಟನೆ ಎಳೆಯುವ ಸಣ್ಣ ಸಿಡಿಮದ್ದಿನ ಸಾಧನ ಇರುತ್ತೆ, ಅದು ಒಂದೇ ಸಲಕ್ಕೆ ಕೆಲಸ ಮಾಡೋದು. ಏರ್‌ಬ್ಯಾಗ್ ತೆರೆಯಲಿಲ್ಲ ಅಂದರೆ ಪೆಟ್ಟು ಸಣ್ಣದು ಅಂತಲೂ ಅಂದುಕೊಳ್ಳಬೇಡಿ. ನನ್ನದೂ ತೆರೆದಿರಲಿಲ್ಲ.

ನಿರ್ಧಾರ ಆಗಿದೆ. ವಿಂಚು, ಡಿಫ್ ಲಾಕ್ ಇರುವ ಹಿಂದಿನ ಆಕ್ಸಲ್ಲು ಇನ್ಶೂರೆನ್ಸಿನವರ ಒಪ್ಪಿಗೆ ತೆಗೆದುಕೊಂಡೇ ಬಿಚ್ಚಿ ಇಟ್ಟುಕೊಂಡೆ. ಕೆಸರಿನ ಟೈರು ಬೇಕಾದವರು ಕೇಳಿ, ಚಳಿಗಾಲಕ್ಕೆ ಹಾಕಲ್ಲ ಅಂತ ಮಾತು ಕೊಟ್ಟರೆ ಮಾತ್ರ ಕೊಡುತ್ತೇನೆ. ಮಿಕ್ಕಿದ್ದು ನಿನ್ನೆ ಮಧ್ಯಾಹ್ನ ಟ್ರಕ್ಕಿನ ಮೇಲೆ ಹೋಯಿತು. ಹಗ್ಗ ಬಿಗಿಯುವಾಗ ಮೆಕ್ಯಾನಿಕ್ಕೇ ಬಂದು ಬೀಗದ ಕೈ ಇಸಿದುಕೊಂಡರು, ನಾನು ಒಳಗೇ ಇದ್ದೆ. ಶೆಡ್ಡಿನ ನೆಲದ ಮೇಲೆ ಆ ಎರಡು ಗೆರೆ ಹಾಗೇ ಇವೆ. ಮಗಳು ಅದರೊಳಗೆ ಕುಂಟೆಬಿಲ್ಲೆ ಆಡುತ್ತಿದ್ದಾಳೆ.