ದೋಸೆ ಹಿಟ್ಟೂ 20ನೇ ಕಾಲೂ

ಡಿಸೆಂಬರ್ ಬಂತೆಂದರೆ ಬೆಂಗಳೂರಿನಲ್ಲಿ ದೋಸೆ ಹಿಟ್ಟು ಮುಷ್ಕರ ಹೂಡುತ್ತದೆ. ರಾತ್ರಿ ಎಷ್ಟಿತ್ತೋ ಬೆಳಿಗ್ಗೆಯೂ ಅಷ್ಟೇ. ಎಂಜಿನಿಯರ್ ಮಗ ಮನೆಯಲ್ಲೇ ಇದ್ದೂ ಹೀಗಾಗಬಹುದಾ? ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋಗಿ ಎಟಿಮೆಗಾ8 ಎಂಬ ಪುಟ್ಟ ಕಂಪ್ಯೂಟರ್ ಚಿಪ್, ಎಲ್‌ಎಂ35 ಎಂಬ ಬಿಸಿ ಅಳೆಯುವ ಸೆನ್ಸರ್, ಬಲ್ಬ್ ಹತ್ತಿಸಿ ಆರಿಸುವ ಸ್ವಿಚ್ಚಾದ ರಿಲೇ, ಎರಡಂಕಿಯ ಡಿಸ್‌ಪ್ಲೇ ತಂದೆ. ಥರ್ಮೋಕೋಲ್ ಡಬ್ಬಿಯೊಳಗೆ 40 ವ್ಯಾಟಿನ ಬಲ್ಬು. 30 ಡಿಗ್ರಿಗಿಂತ ಕಮ್ಮಿಯಾದರೆ ಹತ್ತಬೇಕು, ದಾಟಿದರೆ ಆರಬೇಕು.

ಚಿಪ್ಪಿನ 7ನೇ ಕಾಲಿಗೆ, ಅಂದರೆ ಪಿನ್ನಿಗೆ, 5 ವೋಲ್ಟ್ ಕೊಟ್ಟಾಗಿತ್ತು. ನೋಡಿದರೆ 20ನೇ ಕಾಲೂ ಎವಿಸಿಸಿ ಅಂತ ಹೆಸರಿಟ್ಟುಕೊಂಡು ಅದೇ 5 ವೋಲ್ಟ್ ಕೇಳುತ್ತಿದೆ. ಮದುವೆ ಮನೆಯಲ್ಲಿ ಎರಡು ಪಂಕ್ತಿ ಕೂತವನ ಹಾಗೆ! ಸುಮ್ನೆ ಇನ್ನೊಂದು ವೈರ್ ಯಾಕೆ ಅಂತ ಡಿಸ್‌ಪ್ಲೇಗೆ ಹೋಗುವ ವೈರಿನ ತುದಿಗೇ ಅದನ್ನು ಜೋತುಹಾಕಿದೆ. ಸೆನ್ಸರಿನ ಗ್ರೌಂಡನ್ನೂ, ಅಂದರೆ ಕರೆಂಟ್ ವಾಪಸಾಗುವ ವೈರನ್ನೂ, ಡಿಸ್‌ಪ್ಲೇಯ ಗ್ರೌಂಡಿಗೇ ಕಟ್ಟಿದೆ.

ರಾತ್ರಿ ಹನ್ನೊಂದಕ್ಕೆ ಅಡುಗೆಮನೆಯಲ್ಲಿ ಟಕ್. ಟಕ್. ಟಕ್. ಅಮ್ಮ ಹಲ್ಲಿ ಲೊಚಗುಟ್ಟಿತೆಂದು ‘ಕೃಷ್ಣ ಕೃಷ್ಣ’ ಎನ್ನುತ್ತಾ ನೆಲ ಕುಟ್ಟಿದರು. ನಲವತ್ತನೇ ಸಲಕ್ಕೆ ಅವರಿಗೇ ಅನುಮಾನ ಬಂತು. ‘ಏನೋ ಅದು, ನಿನ್ನ ಡಬ್ಬೀನಾ?’

ಡಬ್ಬಿಯೇ. ಡಿಸ್‌ಪ್ಲೇ 28 ಅನ್ನುತ್ತದೆ, ತಕ್ಷಣ 31, ಮತ್ತೆ 28. ಪ್ರತಿ ಸಲವೂ ರಿಲೇ ಟಕ್. ಕೂತು ಗೀಟು ಎಣಿಸಿದೆ. 28 ಬರೆಯಲು ಹನ್ನೆರಡು ಗೀಟು ಉರಿಯಬೇಕು, 31ಕ್ಕೆ ಏಳೇ ಸಾಕು. ಗೀಟು ಜಾಸ್ತಿಯಾದರೆ ಕರೆಂಟ್ ಜಾಸ್ತಿ, ಆ ತೆಳು ವೈರಿನಲ್ಲಿ ಒಂದಿಷ್ಟು ಮಿಲಿವೋಲ್ಟ್ ಸೋರಿಹೋಗುತ್ತದೆ. ಗ್ರೌಂಡ್ ವೈರಿನಲ್ಲಿ ಸೋರಿದ್ದು ಸೆನ್ಸರಿನ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಎಲ್‌ಎಂ35ಗೆ 10 ಮಿಲಿವೋಲ್ಟ್ ಅಂದರೆ ಒಂದು ಡಿಗ್ರಿ. ಅಂದರೆ 28 ಎಂದು ಬರೆದಿದ್ದಕ್ಕೇ ಸೆಖೆ 31ಕ್ಕೆ ಏರುತ್ತಿತ್ತು! 31 ಬರೆದ ಕೂಡಲೇ ಮತ್ತೆ ಚಳಿ.

ಚಿಪ್ಪಿನ ಒಳಗೂ ಇದೇ ಗಲಾಟೆ. ಡಿಜಿಟಲ್ ಭಾಗ ಸೆಕೆಂಡಿಗೆ ಹತ್ತಾರು ಲಕ್ಷ ಸಲ ಗುಟುಕು ಗುಟುಕಾಗಿ ಕರೆಂಟ್ ಎಳೆಯುತ್ತದೆ. ಸೊನ್ನೆಯೋ ಒಂದೋ ಅಷ್ಟೇ ನೋಡುವ ಅದಕ್ಕೆ ವೋಲ್ಟೇಜ್ ಕೊಂಚ ಅಲುಗಾಡಿದರೂ ಚಿಂತೆಯಿಲ್ಲ. ಅಳೆಯುವ ಅನಲಾಗ್ ಭಾಗ ಮಾತ್ರ 5 ವೋಲ್ಟನ್ನು 1024 ಮೆಟ್ಟಿಲು ಮಾಡಿಕೊಂಡು ಕೂತಿರುತ್ತದೆ. ಒಂದು ಮೆಟ್ಟಿಲು 5 ಮಿಲಿವೋಲ್ಟಿಗೂ ಕಮ್ಮಿ. ಪಕ್ಕದವನು ಕೆಮ್ಮಿದರೂ ಅದರ ಲೆಕ್ಕ ತಪ್ಪುತ್ತದೆ. ಅದಕ್ಕೇ ಬೇರೆ ಕಾಲು, ಆ 20ನೆಯದು.

ಹೋದ ವರ್ಷ ನಮ್ಮ ಪ್ಲಂಬರ್ ಇದನ್ನೇ ಹೇಳಿದ್ದ. ಅಡುಗೆಮನೆ ನಲ್ಲಿ ತಿರುಗಿಸಿದರೆ ಸ್ನಾನಕ್ಕೆ ನಿಂತವನ ತಲೆ ಮೇಲೆ ನೀರೇ ಬೀಳುತ್ತಿರಲಿಲ್ಲ. ‘ಸಾರ್, ಟ್ಯಾಂಕಿಂದ್ಲೇ ಬೇರೆ ಲೈನ್ ಎಳೀಬೇಕು.’ ತಲೆಗೆ ಸೋಪು ಹಚ್ಚಿಕೊಂಡು ಕೇಳಿದ್ದ ಪಾಠ, ಅದೂ ಮರೆತುಹೋಗಿತ್ತು.

ಚಿಪ್ಪಿನ ಕೈಪಿಡಿಯಾದ ಡೇಟಾಶೀಟ್ ಹೇಳಿದಂತೆ 20ನೇ ಕಾಲಿಗೆ, ಗಲಾಟೆ ತಡೆಯುವ 10 ಮೈಕ್ರೋಹೆನ್ರಿಯ ಕಾಯಿಲ್ ಮೂಲಕ ಬೇರೆ ವೈರ್ ಎಳೆದೆ. ಕಾಲಿನ ಬುಡದಲ್ಲೇ, ಉಳಿದ ಅಲುಗಾಟ ನುಂಗಲು, 100 ನ್ಯಾನೋಫ್ಯಾರಡ್ ಕೆಪಾಸಿಟರ್ ಹಾಕಿದೆ. ಸೆನ್ಸರಿನ ಗ್ರೌಂಡನ್ನು ಹತ್ತಿರದ ಗ್ರೌಂಡ್ ಕಾಲು 22ಕ್ಕೆ ಕಟ್ಟಿದೆ. ಮರುದಿನ ರಾತ್ರಿ ಟಕ್ ಇಲ್ಲ, ಪಕ್ ಇಲ್ಲ. ಬೆಳಿಗ್ಗೆ ಡಿಸ್‌ಪ್ಲೇ ಅಲುಗಾಡದೆ 30 ತೋರಿಸುತ್ತಿತ್ತು. ತಟ್ಟೆಗೆ ಬಿದ್ದ ದೋಸೆಯ ಮೈತುಂಬ ತೂತು.

‘ನೋಡಿದ್ಯಾ ಅಮ್ಮಾ!’ ಎನ್ನುತ್ತಾ ಡಬ್ಬಿಯ ಮುಚ್ಚಳ ತೆಗೆದೆ. ಒಳಗೆ ಬಲ್ಬ್ ಒಂದೇ ಇತ್ತು. ಹಿಟ್ಟಿನ ಪಾತ್ರೆ ನನ್ನ ಹಳೇ ಸ್ವೆಟರ್ ಹಾಕಿಕೊಂಡು ಅಕ್ಕಿ ಡಬ್ಬದ ಮೇಲೆ ಕೂತಿತ್ತು.