ತೀರ್ಪಿನೊಳಗಿನ ಬೆಣ್ಣೆ

1986ರ ಜುಲೈನಲ್ಲಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಒಂದು ತೀರ್ಪು ಕೊಟ್ಟರು. ಒಬ್ಬ ಮನುಷ್ಯನ ಜೀವ ಹೋದ ಪ್ರಕರಣ ಅದು. ಅದರಲ್ಲಿ ಬೆಣ್ಣೆಯ ಮಾತೂ ಇದೆ. ಮೊದಲ ಸಲ ಓದಿದಾಗ ಹೊಟ್ಟೆ ತೊಳಸಿದಂತಾಗಿತ್ತು ನನಗೆ.

ಅದರ ಹಿಂದಿನ ವರ್ಷ, ಜುಲೈ 10ರ ರಾತ್ರಿ, ನ್ಯೂಜಿಲೆಂಡಿನ ಆಕ್ಲೆಂಡ್ ಬಂದರಿನಲ್ಲಿ ಪರಿಸರ ಸಂಘಟನೆ ಗ್ರೀನ್‌ಪೀಸ್‌ನವರ ‘ರೇನ್‌ಬೋ ವಾರಿಯರ್’ ಹಡಗಿಗೆ ಬಾಂಬ್ ಇಟ್ಟರು. ಪೆಸಿಫಿಕ್ ಸಾಗರದ ಮುರುರೋವಾ ದ್ವೀಪದಲ್ಲಿ ಫ್ರಾನ್ಸ್ ನಡೆಸುತ್ತಿದ್ದ ಅಣುಪರೀಕ್ಷೆಯನ್ನು ವಿರೋಧಿಸಲು ಹೊರಟಿದ್ದ ಹಡಗು. ಒಂದಾದ ಮೇಲೊಂದು ಎರಡು ಸ್ಫೋಟ. ಛಾಯಾಗ್ರಾಹಕ ಫರ್ನಾಂಡೊ ಪೆರೇರಾ ಒಳಗೇ ಮುಳುಗಿ ತೀರಿಕೊಂಡರು. 35 ವರ್ಷ, ಎರಡು ಮಕ್ಕಳ ತಂದೆ.

ಹನಿಮೂನಿಗೆ ಬಂದ ಸ್ವಿಸ್ ದಂಪತಿಯ ವೇಷದಲ್ಲಿದ್ದ ಇಬ್ಬರು, ಬಾಡಿಗೆ ವ್ಯಾನನ್ನು ವಾಪಸ್ ಕೊಡಲು ಹೋದಾಗ ಸಿಕ್ಕಿಬಿದ್ದರು. ಅನುಮಾನಪಟ್ಟು ವ್ಯಾನಿನ ನಂಬರ್ ಬರೆದಿಟ್ಟುಕೊಂಡಿದ್ದವರು ಊರಿನ ಸಾಮಾನ್ಯ ಜನ. ಆ ದಂಪತಿ ಫ್ರಾನ್ಸಿನ ಗುಪ್ತಚರ ಅಧಿಕಾರಿಗಳು! ಮೊದಮೊದಲು ‘ನಮಗೇನೂ ಗೊತ್ತಿಲ್ಲ’ ಎಂದ ಫ್ರಾನ್ಸ್, ರಕ್ಷಣಾ ಸಚಿವರ ರಾಜೀನಾಮೆಯಾದ ಮೇಲೆ ಸೆಪ್ಟೆಂಬರ್ 22ರಂದು ಒಪ್ಪಿಕೊಂಡಿತು.

ಮಿತ್ರರೆನಿಸಿಕೊಂಡ ಅಮೆರಿಕ, ಬ್ರಿಟನ್ ಫ್ರಾನ್ಸನ್ನು ಬಾಯಿಬಿಟ್ಟು ಖಂಡಿಸಲಿಲ್ಲ. ಅಮೆರಿಕದ ಯುದ್ಧನೌಕೆಗೆ ಅದೇ ವರ್ಷ ನ್ಯೂಜಿಲೆಂಡ್ ಪ್ರವೇಶ ನಿರಾಕರಿಸಿತ್ತು. ಆ ಸಿಟ್ಟು ಇನ್ನೂ ಆರಿರಲಿಲ್ಲ.

ಇನ್ನು ಬೆಣ್ಣೆ. ನ್ಯೂಜಿಲೆಂಡಿನ ರೈತರ ಬೆಣ್ಣೆ ಬ್ರಿಟನ್ನಿಗೆ ಹೋಗಬೇಕಾದರೆ ಯುರೋಪಿಯನ್ ಸಮುದಾಯ ಒಪ್ಪಬೇಕಿತ್ತು. ಅಲ್ಲಿ ಜುಟ್ಟು ಫ್ರಾನ್ಸ್ ಕೈಯಲ್ಲಿ. ಕೊನೆಗೆ ಮಹಾಕಾರ್ಯದರ್ಶಿಯ ತೀರ್ಪಿನಲ್ಲಿ ಆದದ್ದಿಷ್ಟು: ಫ್ರಾನ್ಸ್ ಕ್ಷಮೆ ಕೇಳಿ 70 ಲಕ್ಷ ಡಾಲರ್ ಕೊಡಬೇಕು, 1987 ಮತ್ತು 88ರಲ್ಲಿ ಬೆಣ್ಣೆಗೆ ಅಡ್ಡಿ ಮಾಡಬಾರದು. ಹತ್ತು ವರ್ಷ ಜೈಲುಶಿಕ್ಷೆಯಾಗಿದ್ದ ಆ ಇಬ್ಬರನ್ನು ಹಾವೋ ದ್ವೀಪದ ಫ್ರೆಂಚ್ ಸೇನಾನೆಲೆಯಲ್ಲಿ ಮೂರು ವರ್ಷ ಇರಿಸಬೇಕು. ಆ ಮೂರು ವರ್ಷವನ್ನೂ ಅವರು ಪೂರೈಸಲಿಲ್ಲ. ಅವಧಿಗೆ ಮೊದಲೇ ಪ್ಯಾರಿಸ್ ಸೇರಿದರು.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. 2023ರಲ್ಲಿ ಕೆನಡಾದಲ್ಲಿದ್ದ ಖಾಲಿಸ್ತಾನ್ ಪರ ನಾಯಕ ನಿಜ್ಜರ್ ಹತ್ಯೆಯ ಆರೋಪವನ್ನು ಕೆನಡಾ ನಮ್ಮ ಮೇಲೆ ಹೊರಿಸಿದಾಗ, ದೆಹಲಿ ಅದನ್ನು ಅಸಂಬದ್ಧವೆಂದು ತಳ್ಳಿಹಾಕಿತು. ಅಮೆರಿಕದಲ್ಲಿರುವ ಖಾಲಿಸ್ತಾನ್ ಪರ ನಾಯಕ ಪನ್ನುವಿನ ಹತ್ಯೆ ಸಂಚಿನ ಆರೋಪ ಅಮೆರಿಕದಿಂದ ಬಂದಾಗ ಉನ್ನತ ಮಟ್ಟದ ತನಿಖಾ ಸಮಿತಿ ರಚನೆಯಾಯಿತು. ಕೆನಡಾ ಸಾಕ್ಷ್ಯ ಕೊಟ್ಟಿಲ್ಲ ಅನ್ನುವುದು ಸರ್ಕಾರದ ವಾದ. ಅದನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಅಮೆರಿಕದ ಜೊತೆ ನಮಗಿರುವ ವ್ಯಾಪಾರ, ರಕ್ಷಣಾ ಒಪ್ಪಂದಗಳ ಭಾರವೂ ಆ ಎರಡು ಉತ್ತರಗಳ ನಡುವೆ ಇದೆ ಎಂದೇ ನನ್ನ ನಂಬಿಕೆ.

‘ದೇಶದ ಹಿತ ಮುಖ್ಯ ಅಲ್ವಾ?’ ಎನ್ನುವ ಗೆಳೆಯರಿಗೆ ನನ್ನ ಉತ್ತರ: ಮುಖ್ಯ, ಖಂಡಿತ. ಅಂದು ಫ್ರಾನ್ಸಿನವರೂ ಇದನ್ನೇ ಹೇಳಿಕೊಂಡಿದ್ದರು. ಪನ್ನು ಪ್ರಕರಣದ ತನಿಖಾ ಸಮಿತಿ 2025ರ ಜನವರಿಯಲ್ಲಿ ಒಬ್ಬ ವ್ಯಕ್ತಿಯ ಮೇಲೆ ಕಾನೂನು ಕ್ರಮಕ್ಕೆ ಶಿಫಾರಸು ಮಾಡಿತು. ಆ ವ್ಯಕ್ತಿ ಯಾರು, ಯಾರ ಮಾತು ಕೇಳಿ ನಡೆದ ಎನ್ನುವುದನ್ನು ನಮ್ಮ ಸಂಸತ್ತಿಗೆ ತಿಳಿಸಲಿ. ಕೆನಡಾದ ಆರೋಪಕ್ಕೂ ಅಂಥದೇ ತನಿಖೆಯಾಗಲಿ. ಸುಳ್ಳಾಗಿದ್ದರೆ ಸುಳ್ಳೆಂದು ದಾಖಲೆ ಸಮೇತ ಹೇಳಲಿ.